ಭುಜದ ವ್ಯಾಯಾಮ ಸಾಧನ: ಯಾವುದು ಎನ್ನುವ ಮೊದಲು ಯಾವಾಗ ಎಂದು ಕೇಳಬೇಕು

ಮಾನ್ಯ ಸಂಪಾದಕರೇ,

ಭುಜವನ್ನು ಬಲಪಡಿಸುವ ಮತ್ತು ಪೆಟ್ಟಾದ ಭುಜವನ್ನು ಮತ್ತೆ ಚಾಲನೆಗೆ ತರುವ ವ್ಯಾಯಾಮ ಸಾಧನಗಳ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಸಚಿತ್ರ ಲೇಖನವನ್ನು ಓದಿದೆ. ಮೊಣಕಾಲಿಗೂ ಬೆನ್ನಿಗೂ ಸಿಗುವಷ್ಟು ಜಾಗ ಭುಜಕ್ಕೆ ಪತ್ರಿಕೆಗಳಲ್ಲಿ ಸಿಗುವುದಿಲ್ಲವಾದ್ದರಿಂದ ಈ ಪ್ರಯತ್ನವನ್ನು ಸ್ವಾಗತಿಸುತ್ತೇನೆ. ಆದರೆ ಪುಲ್ಲಿ, ಕೋಲು, ರಬ್ಬರ್ ಬ್ಯಾಂಡ್, ಡಂಬೆಲ್, ಕೈಯಿಂದ ಹಿಡಿದು ತಿರುಗಿಸುವ ಭುಜದ ಚಕ್ರ, ಜಿಮ್‌ನ ಕೇಬಲ್ ಯಂತ್ರ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಪ್ರತಿಯೊಂದರ ಕೆಳಗೂ 'ಭುಜಕ್ಕೆ ಉತ್ತಮ' ಎಂದು ಬರೆದಿರುವುದು ಓದುಗರನ್ನು ದಾರಿ ತಪ್ಪಿಸುತ್ತದೆ. ಫಿಸಿಯೋಥೆರಪಿಸ್ಟ್ ಆಗಿ ಭುಜದ ನೋವಿನವರನ್ನು ನಿತ್ಯ ನೋಡುವ ನನಗೆ, ತಪ್ಪು ಸಾಧನ ಕೊಂಡು ತೊಂದರೆಗೆ ಸಿಕ್ಕವರಿಗಿಂತ ಸರಿಯಾದ ಸಾಧನವನ್ನೇ ತಪ್ಪು ಕಾಲದಲ್ಲಿ ಬಳಸಿ ತೊಂದರೆಗೆ ಸಿಕ್ಕವರೇ ಹೆಚ್ಚಾಗಿ ಕಾಣಸಿಗುತ್ತಾರೆ. ಆ ಕಾರಣಕ್ಕೆ ಈ ಪತ್ರ.

ಭುಜದ ಕೀಲಿನ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಉಳಿದ ಮಾತು ಸುಲಭವಾಗುತ್ತದೆ. ಸೊಂಟದ ಕೀಲಿನಲ್ಲಿ ತೊಡೆಯ ಮೂಳೆಯ ತಲೆ ಆಳವಾದ ಕುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಿ ಹಾಗಿಲ್ಲ, ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದನ್ನು ಹಿಡಿಯಬೇಕಾದ ಹೆಗಲ ಮೂಳೆಯ ಕುಳಿ ಚಿಕ್ಕದು ಮತ್ತು ಆಳವಿಲ್ಲದ್ದು. ಅಂಚಿಲ್ಲದ ತಟ್ಟೆಯ ಮೇಲೆ ಚೆಂಡು ಇಟ್ಟಂತೆ ಎಂದರೆ ಹೆಚ್ಚು ತಪ್ಪಾಗಲಾರದು. ಕೈ ಎಲ್ಲ ದಿಕ್ಕಿಗೂ ತಿರುಗುವುದು ಈ ಸಡಿಲಿಕೆಯಿಂದಲೇ, ಕೀಲು ಸುಲಭವಾಗಿ ತಪ್ಪುವುದೂ ಇದರಿಂದಲೇ. ಆ ಗುಂಡನ್ನು ಕುಳಿಯ ನಡುವೆ ಹಿಡಿದಿಡುವ ಹೊಣೆ ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಮತ್ತು ಸಬ್‌ಸ್ಕ್ಯಾಪ್ಯುಲಾರಿಸ್ ಎಂಬ ನಾಲ್ಕು ಸ್ನಾಯುಗಳದ್ದು. ಇವನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಹೊರಗೆ ದುಂಡಗೆ ಕಾಣುವ, ಕನ್ನಡಿಯ ಮುಂದೆ ನಿಂತವರು ಮೆಚ್ಚಿಕೊಳ್ಳುವ ಡೆಲ್ಟಾಯ್ಡ್ ಸ್ನಾಯು ಕೈಯನ್ನು ಎತ್ತುವಾಗ ಆ ಗುಂಡನ್ನು ಮೇಲಕ್ಕೆ ಎಳೆಯುತ್ತದೆ. ಒಳಗಿನ ಈ ನಾಲ್ಕು ಅದನ್ನು ಕುಳಿಗೆ ಒತ್ತಿ ಹಿಡಿದು ಮೇಲೆ ಜಾರದಂತೆ ತಡೆಯುತ್ತವೆ. ಇದರ ಜೊತೆಗೆ ಹೆಗಲ ಮೂಳೆಯೂ ಪಕ್ಕೆಲುಬುಗಳ ಮೇಲೆ ಜಾರಿ ತಿರುಗಬೇಕು. ಕೈಯನ್ನು ಪೂರ್ತಿ ಮೇಲೆತ್ತುವ ಸುಮಾರು 180 ಡಿಗ್ರಿ ಚಲನೆಯಲ್ಲಿ ಅಂದಾಜು 120 ಡಿಗ್ರಿ ಭುಜದ ಕೀಲಿನದ್ದಾದರೆ ಉಳಿದ 60 ಡಿಗ್ರಿ ಹೆಗಲ ಮೂಳೆಯ ಚಲನೆಯಿಂದ ಬರುತ್ತದೆ. ಹೀಗಾಗಿ ಭುಜಕ್ಕೆಂದು ಮಾರುವ ಯಾವುದೇ ಸಾಧನದ ಬಗ್ಗೆ ಕೇಳಬೇಕಾದದ್ದು, ಅದು ಈ ಒಳಗಿನ ಸ್ನಾಯುಗಳಿಗೆ ಕೆಲಸ ಕೊಡುತ್ತದೆಯೋ ಅಥವಾ ಆಗಲೇ ಬಲವಾಗಿರುವ ಹೊರಗಿನ ಸ್ನಾಯುವನ್ನೇ ಇನ್ನಷ್ಟು ಬಲಪಡಿಸುತ್ತದೆಯೋ ಎಂಬುದು.

ಈಗ ಹಂತದ ವಿಷಯ. ರೊಟೇಟರ್ ಕಫ್ ಹರಿದು ಶಸ್ತ್ರಚಿಕಿತ್ಸೆಯಲ್ಲಿ ಹೊಲಿಸಿಕೊಂಡವರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಮತ್ತು ಭಾರ ಅಥವಾ ಬ್ಯಾಂಡ್ ಬಳಸಿ ಬಲ ಬೆಳೆಸುವ ವ್ಯಾಯಾಮವನ್ನು ಹೆಚ್ಚಿನ ಶಸ್ತ್ರವೈದ್ಯರು ಹನ್ನೆರಡನೆಯ ವಾರದ ಆಸುಪಾಸಿನವರೆಗೂ ಮುಂದಕ್ಕೆ ಹಾಕುತ್ತಾರೆ. ಹೊಲಿದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು, ಮತ್ತೆ ಮೂಳೆಗೆ ಅಂಟಿಕೊಳ್ಳಲು ಅಷ್ಟು ಸಮಯ ಬೇಕು. ನೋವು ಅದಕ್ಕಿಂತ ಎಷ್ಟೋ ಮೊದಲೇ ಇಳಿದುಬಿಡುತ್ತದೆ. ಅಪಾಯ ಇರುವುದು ಇಲ್ಲಿಯೇ. ನೋವಿಲ್ಲ ಎಂದುಕೊಂಡು ಆರನೆಯ ವಾರಕ್ಕೇ ಡಂಬೆಲ್ ಹಿಡಿದವರ ಹೊಲಿಗೆ ಒಳಗೇ ಬಿಟ್ಟುಕೊಂಡರೆ, ಅದು ತಕ್ಷಣ ಗೊತ್ತಾಗುವುದೂ ಇಲ್ಲ.

ಆ ಆರಂಭದ ವಾರಗಳಿಗೆ ಹೊಂದುವ ಸಾಧನಗಳು ಕೆಲವೇ, ಅವೂ ತೀರಾ ಸರಳ. ಬಾಸ್ಟನ್‌ನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಅವರ ಹೆಸರಿನಿಂದ ಇಂದಿಗೂ ಕರೆಯಲಾಗುವ ಲೋಲಕದ ವ್ಯಾಯಾಮಕ್ಕೆ ಒಂದು ಮೇಜು ಸಾಕು. ಚೆನ್ನಾಗಿರುವ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಇಳಿಬಿಟ್ಟು, ಮೈಯನ್ನು ತೂಗಿದಾಗ ಕೈ ತಾನಾಗಿ ಓಲಾಡಬೇಕು. ಬಹುಪಾಲು ಜನ ಮಾಡುವ ತಪ್ಪೆಂದರೆ ಕೈಯನ್ನೇ ಸ್ನಾಯುಬಲದಿಂದ ದೊಡ್ಡದಾಗಿ ಸುತ್ತಿಸುವುದು. ಹಾಗೆ ಮಾಡಿದರೆ ವಿಶ್ರಾಂತಿಯಲ್ಲಿರಬೇಕಾದ ಸ್ನಾಯು ದುಡಿಯತೊಡಗುತ್ತದೆ, ವ್ಯಾಯಾಮದ ಉದ್ದೇಶವೇ ಕೆಡುತ್ತದೆ. ಸುತ್ತು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಇದಾದ ಮೇಲೆ ಕೋಲು: ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು, ಚೆನ್ನಾಗಿರುವ ಕೈ ತಳ್ಳುತ್ತಾ ಹೋದಂತೆ ನೋವಿನ ಕೈ ಅದರ ಜೊತೆಗೆ ಸಾಗುವುದು. ಇದಕ್ಕೆ ಅಲ್ಯೂಮಿನಿಯಂನ ವಿಶೇಷ ಕೋಲೇ ಬೇಕೆಂದೇನೂ ಇಲ್ಲ.

ಬಾಗಿಲಿಗೆ ಸಿಕ್ಕಿಸುವ ಪುಲ್ಲಿಯನ್ನು ಲೇಖನವು 'ಸ್ನಾಯುವಿಗೆ ಒಂದಿಷ್ಟೂ ಶ್ರಮವಿಲ್ಲದ ಸಾಧನ' ಎಂದು ವರ್ಣಿಸಿದೆ. ಇದು ಪೂರ್ತಿ ನಿಜವಲ್ಲ. ಒಂದು ಕೈ ಹಗ್ಗವನ್ನು ಕೆಳಗೆ ಎಳೆದಾಗ ಇನ್ನೊಂದು ಮೇಲೇರುತ್ತದೆಯಾದರೂ ಏರುವ ಕೈಯ ಸ್ನಾಯುಗಳು ಸುಮ್ಮನಿರುವುದಿಲ್ಲ. ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದು ನೋಡಿದ ಅಧ್ಯಯನಗಳಲ್ಲಿ ಪುಲ್ಲಿಯ ವೇಳೆ ರೊಟೇಟರ್ ಕಫ್ ಗಮನಾರ್ಹವಾಗಿಯೇ ಕೆಲಸ ಮಾಡುವುದು ಕಂಡುಬಂದಿದೆ. ಆದ್ದರಿಂದ ಹೊಸದಾಗಿ ಹೊಲಿಗೆ ಹಾಕಿಸಿಕೊಂಡವರು ವೈದ್ಯರು ಹೇಳುವವರೆಗೆ ಪುಲ್ಲಿಯನ್ನು ಮುಟ್ಟದಿರುವುದೇ ಸರಿ. ಭುಜ ಬಿಗಿದುಕೊಂಡಿರುವ, ಆದರೆ ಯಾವ ಸ್ನಾಯುವೂ ಹರಿದಿರದವರಿಗೆ ಮಾತ್ರ ಅದು ಒಳ್ಳೆಯ ಒಡನಾಡಿ. ಕುರ್ಚಿಯನ್ನು ಬಾಗಿಲಿಗೆ ಬೆನ್ನು ಮಾಡಿ ಹಾಕಿ ಕೂತರೆ ಹಗ್ಗ ತಲೆಯ ಹಿಂದಿನಿಂದ ಬರುತ್ತದೆ, ಬಾಗಿಲಿಗೆ ಮುಖ ಮಾಡಿ ಕೂತರೆ ಕೈ ಮುಂದಿನಿಂದ ಏರುತ್ತದೆ. ಬಿಗಿತ ಹೆಚ್ಚಿರುವವರಿಗೆ ಎರಡನೆಯದೇ ಹಿತ. ಹೆಗಲನ್ನು ಕಿವಿಯ ಕಡೆಗೆ ಕುಗ್ಗಿಸಿಕೊಂಡು ಹಗ್ಗ ಎಳೆಯುವವರು ಭುಜದ ಕೀಲನ್ನು ಬಿಟ್ಟು ಬೇರೆಲ್ಲವನ್ನೂ ಚಲಿಸುತ್ತಿರುತ್ತಾರೆ.

ಭುಜ ಬಿಗಿತದ ಮಾತು ಬಂದದ್ದರಿಂದ ಫ್ರೋಜನ್ ಶೋಲ್ಡರ್ ಬಗ್ಗೆಯೂ ಹೇಳಬೇಕು. ಹೆಚ್ಚಾಗಿ 40ರಿಂದ 60ರ ವಯಸ್ಸಿನಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು, ಮಧುಮೇಹ ಇರುವವರಲ್ಲಿ ಇನ್ನೂ ಹೆಚ್ಚು ಕಾಣುವ ಈ ತೊಂದರೆಯಲ್ಲಿ ಕೀಲನ್ನು ಸುತ್ತುವರಿದ ಚೀಲವೇ ಉರಿಯೂತದಿಂದ ದಪ್ಪಗಾಗಿ ಕುಗ್ಗುತ್ತದೆ. ಮೊದಲ ತಿಂಗಳುಗಳಲ್ಲಿ, ರಾತ್ರಿ ಮಗ್ಗುಲು ಬದಲಿಸಿದರೂ ಎಚ್ಚರವಾಗುವಷ್ಟು ನೋವಿರುವಾಗ, ಚಕ್ರ ತಿರುಗಿಸಿ, ಗೋಡೆಯ ಏಣಿಯ ಮೇಲೆ ಬೆರಳು ಹತ್ತಿಸಿ, ಕೈಯನ್ನು ಬಲವಂತವಾಗಿ ಎಳೆದರೆ ಉರಿಯೂತ ಕೆರಳುತ್ತದೆಯೇ ಹೊರತು ಬಿಗಿತ ಬಿಡುವುದಿಲ್ಲ. ನೋವು ತಗ್ಗಿ ಬಿಗಿತವೊಂದೇ ಉಳಿದ ಮೇಲೆ ಅದೇ ಚಕ್ರ, ಅದೇ ಏಣಿ ಉಪಯೋಗಕ್ಕೆ ಬರುತ್ತವೆ. ಲೇಖನದಲ್ಲಿ 'ಫ್ರೋಜನ್ ಶೋಲ್ಡರ್‌ಗೆ ಭುಜದ ಚಕ್ರ' ಎಂದಷ್ಟೇ ಇದೆ. ಯಾವ ತಿಂಗಳಲ್ಲಿ ಎಂಬುದಿಲ್ಲ. ಒಂದು ವಾರದಲ್ಲಿ ಸಡಿಲವಾಗುತ್ತದೆ ಎಂದು ನಂಬಿಸುವ ಜಾಹೀರಾತುಗಳನ್ನಂತೂ ನಂಬಬಾರದು, ಏಕೆಂದರೆ ಈ ಕಾಯಿಲೆ ತನ್ನ ಹಾದಿ ಮುಗಿಸಲು ಹೆಚ್ಚಿನವರಲ್ಲಿ ಒಂದರಿಂದ ಮೂರು ವರ್ಷ ತೆಗೆದುಕೊಳ್ಳುತ್ತದೆ.

ಬಲ ಬೆಳೆಸುವ ಹಂತಕ್ಕೆ ಬಂದಾಗ ನನ್ನ ಮೊದಲ ಆಯ್ಕೆ ರಬ್ಬರ್ ಬ್ಯಾಂಡ್. ಆದರೆ ಬ್ಯಾಂಡಿನ ಬಣ್ಣ ನೋಡಿ ಕೊಳ್ಳಿರಿ ಎಂಬ ಲೇಖನದ ಸಲಹೆಗೆ ಒಂದು ಎಚ್ಚರಿಕೆ ಸೇರಬೇಕಿತ್ತು. ಬಣ್ಣಕ್ಕೆ ಎಲ್ಲ ತಯಾರಕರೂ ಪಾಲಿಸಬೇಕಾದ ಸಾಮಾನ್ಯ ನಿಯಮವೇ ಇಲ್ಲ. ಥೆರಾಬ್ಯಾಂಡ್ ಎಂಬ ಬ್ರ್ಯಾಂಡಿನ ಶ್ರೇಣಿಯಲ್ಲಿ ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು ಎಂದು ಬಿಗುವು ಏರುತ್ತಾ ಹೋಗುತ್ತದೆ. ಬೇರೆ ತಯಾರಕರ ಕೆಂಪು ಇದರ ನೀಲಿಯಷ್ಟು ಬಿಗಿಯಾಗಿರಬಹುದು. ಇನ್ನು ಬಿಗುವು ಎಂಬುದು ಬ್ಯಾಂಡಿನಲ್ಲಿ ಸ್ಥಿರವಾಗಿ ಕೂತಿರುವ ಸಂಖ್ಯೆಯೂ ಅಲ್ಲ. ಅದೇ ಶ್ರೇಣಿಯ ಹಳದಿ ಬ್ಯಾಂಡನ್ನು ಮೂಲ ಉದ್ದದ ಎರಡರಷ್ಟಕ್ಕೆ ಎಳೆದರೆ ಸುಮಾರು 1.3 ಕಿಲೋಗ್ರಾಂ ಪ್ರತಿರೋಧ, ಮೂರರಷ್ಟಕ್ಕೆ ಎಳೆದರೆ ಸುಮಾರು 2 ಕಿಲೋಗ್ರಾಂ. ಹಸಿರಿನಲ್ಲಿ ಇದು ಸುಮಾರು 2.1 ಮತ್ತು 3 ಕಿಲೋಗ್ರಾಂ. ಅಂದರೆ ಹಳದಿಯನ್ನು ಹೆಚ್ಚು ಎಳೆದವರೂ ಹಸಿರನ್ನು ಕಡಿಮೆ ಎಳೆದವರೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತಿರುತ್ತಾರೆ. ಬ್ಯಾಂಡ್ ಕಟ್ಟಿದ ಬಾಗಿಲಿನಿಂದ ಒಂದು ಹೆಜ್ಜೆ ದೂರ ನಿಲ್ಲುವುದಕ್ಕೂ ಎರಡು ಹೆಜ್ಜೆ ದೂರ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಬಣ್ಣದ ವ್ಯತ್ಯಾಸದಷ್ಟೇ ದೊಡ್ಡದು. ಹಾಗಾಗಿ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಒಂದು ಗುರುತು ಹಾಕಿಕೊಳ್ಳದೆ ಪ್ರಗತಿ ಅಳೆಯಲು ಹೊರಟರೆ ಲೆಕ್ಕ ಸಿಗುವುದಿಲ್ಲ. ಎಷ್ಟು ಎಳೆದಾಗ ಎಷ್ಟು ಪ್ರತಿರೋಧ ಎಂಬುದನ್ನು ಪೊಟ್ಟಣದ ಮೇಲೆ ಅಚ್ಚು ಮಾಡದ ತಯಾರಕರು ಇನ್ನೂ ಬಹಳ ಮಂದಿ ಇದ್ದಾರೆಂಬುದು ನನ್ನ ದೂರು.

ಬ್ಯಾಂಡಿನಿಂದ ಮಾಡುವ ವ್ಯಾಯಾಮಗಳಲ್ಲಿ ತೋಳನ್ನು ಹೊರಕ್ಕೆ ತಿರುಗಿಸುವುದು ಬಹು ಮುಖ್ಯ. ಬ್ಯಾಂಡನ್ನು ಮೊಣಕೈ ಎತ್ತರದಲ್ಲಿ ಕಟ್ಟಿ, ಅದಕ್ಕೆ ಪಕ್ಕಾಗಿ ನಿಂತು, ಮೊಣಕೈಯನ್ನು ಸರಿಯಾಗಿ ಮಡಿಸಿ ಪಕ್ಕೆಗೆ ತಾಗಿಸಿ, ಮುಂಗೈಯನ್ನು ಹೊಟ್ಟೆಯ ಮುಂದಿನಿಂದ ಹೊರಗಡೆಗೆ ತರಬೇಕು. ಮೊಣಕೈಗೂ ಪಕ್ಕೆಗೂ ನಡುವೆ ಸುತ್ತಿದ ಒಂದು ಟವೆಲ್ ಇಟ್ಟುಕೊಳ್ಳುವುದು ಹಳೆಯ ಉಪಾಯವಾದರೂ ಅದಕ್ಕೆ ಕಾರಣವಿದೆ: ಟವೆಲ್ ಬೀಳದಂತೆ ಹಿಡಿದುಕೊಂಡಾಗ ತೋಳು ದೇಹದಿಂದ ದೂರ ಹಾರುವುದಿಲ್ಲ, ತಿರುಗಿಸುವ ಕೆಲಸ ಇನ್‌ಫ್ರಾಸ್ಪೈನೇಟಸ್‌ನ ಪಾಲಿಗೇ ಬರುತ್ತದೆ. ಹೊರಗೆ ಹೋಗುವಾಗ ತೋರಿದ ನಿಧಾನವನ್ನೇ ಮರಳುವಾಗಲೂ ತೋರಬೇಕು. ನಾನು ನೋಡಿದಂತೆ ಹತ್ತರಲ್ಲಿ ಏಳೆಂಟು ಮಂದಿ ಮರಳುವಾಗ ಬ್ಯಾಂಡು ಕೈಯನ್ನು ಸೆಳೆದೊಯ್ಯಲು ಬಿಟ್ಟುಬಿಡುತ್ತಾರೆ. ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಸೊಂಟ ತಿರುಗುತ್ತದೆ, ಭುಜವೊಂದು ಮಾತ್ರ ತಿರುಗಿರುವುದಿಲ್ಲ. ಇದನ್ನು ಹೇಳಿಕೊಡಲು ಯಾವ ಸಾಧನದಿಂದಲೂ ಆಗದು. ಕನ್ನಡಿಯೊಂದರಿಂದ ಸ್ವಲ್ಪಮಟ್ಟಿಗೆ ಆದೀತು.

ಡಂಬೆಲ್‌ನ ಸ್ವಭಾವ ಬೇರೆ. ಬ್ಯಾಂಡ್ ಎಳೆದಷ್ಟೂ ಬಿಗಿಯಾಗುತ್ತದೆ. ಡಂಬೆಲ್‌ನ ತೂಕ ಬದಲಾಗದಿದ್ದರೂ ಭುಜದ ಮೇಲೆ ಅದು ಹೇರುವ ಭಾರ ಕೈ ನೆಲಕ್ಕೆ ಸಮಾನಾಂತರವಾಗಿ ಚಾಚಿದಾಗ ಅತಿ ಹೆಚ್ಚಾಗುತ್ತದೆ, ಏಕೆಂದರೆ ಆಗ ತೂಕವು ಕೀಲಿನಿಂದ ಅತ್ಯಂತ ದೂರದಲ್ಲಿರುತ್ತದೆ. ನಿಂತುಕೊಂಡು ಮೊಣಕೈ ಮಡಿಸಿ ಡಂಬೆಲ್ ಹಿಡಿದು ಬ್ಯಾಂಡಿನ ಹಾಗೆಯೇ ಪಕ್ಕಕ್ಕೆ ತಿರುಗಿಸುವವರನ್ನು ಜಿಮ್‌ಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅದರಿಂದ ತಿರುಗಿಸುವ ಸ್ನಾಯುವಿಗೆ ಏನೂ ಸಿಗುವುದಿಲ್ಲ, ತೂಕ ಎಳೆಯುವುದು ಕೆಳಕ್ಕೆ, ಪಕ್ಕಕ್ಕಲ್ಲ. ಅದೇ ಡಂಬೆಲ್ ಹಿಡಿದು ಒಂದು ಮಗ್ಗುಲಲ್ಲಿ ಮಲಗಿ ಮೇಲಿನ ಕೈಯನ್ನು ತಿರುಗಿಸಿದರೆ ಇನ್‌ಫ್ರಾಸ್ಪೈನೇಟಸ್‌ಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ಸಿಗುವುದು ಕಷ್ಟ. ತೂಕದ ವಿಷಯದಲ್ಲಿ ಅರ್ಧ ಕಿಲೋಗ್ರಾಂನಿಂದ ಶುರು ಮಾಡಲು ನಾಚಿಕೆಪಡುವ ಗಂಡಸರಿಗೆ ಒಂದು ಮಾತು: ಒಂದು ಕೈಯ ತೂಕವೇ ದೇಹದ ತೂಕದ ಸುಮಾರು ಶೇ 5ರಷ್ಟಿರುತ್ತದೆ. 60 ಕಿಲೋಗ್ರಾಂ ತೂಗುವವರು ಖಾಲಿ ಕೈ ಎತ್ತಿದರೂ ಸುಮಾರು 3 ಕಿಲೋಗ್ರಾಂ ಎತ್ತಿದಂತೆ. ಪೆಟ್ಟಾದ ಭುಜಕ್ಕೆ ಅದೇ ಸಾಕಾಗುವ ದಿನಗಳಿರುತ್ತವೆ.

ಲೇಖನದ ಜೊತೆಗೆ ಬಂದ ಒಂದು ಚಿತ್ರದ ಬಗ್ಗೆ ನನಗೆ ಆಕ್ಷೇಪವಿದೆ. ಅದರಲ್ಲಿರುವವರು ಹೆಬ್ಬೆರಳನ್ನು ನೆಲದ ಕಡೆಗೆ ತಿರುಗಿಸಿ, ಡಬ್ಬಿಯೊಂದನ್ನು ಬೋರಲು ಹಾಕಿ ಖಾಲಿ ಮಾಡುವ ಭಂಗಿಯಲ್ಲಿ ಡಂಬೆಲ್ ಎತ್ತಿದ್ದಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕ್ರೀಡಾ ಶಸ್ತ್ರವೈದ್ಯ ಫ್ರಾಂಕ್ ಜೋಬ್ ಸುಪ್ರಾಸ್ಪೈನೇಟಸ್‌ಗೆಂದು ಈ ಭಂಗಿಯನ್ನು ಸೂಚಿಸಿದ್ದು ನಿಜ, ಪರೀಕ್ಷೆ ಮಾಡಲು ವೈದ್ಯರು ಇಂದಿಗೂ ಇದನ್ನು ಬಳಸುವುದೂ ನಿಜ. ಆದರೆ ಹೆಬ್ಬೆರಳು ಕೆಳಗಿದ್ದಾಗ ತೋಳು ಒಳಕ್ಕೆ ತಿರುಗಿರುತ್ತದೆ, ಮೇಲಿನ ಮೂಳೆಯ ಚಾವಣಿಯಡಿ ಸ್ನಾಯುರಜ್ಜುವಿಗೆ ಇರುವ ಜಾಗ ಕಿರಿದಾಗುತ್ತದೆ, ನೋವಿರುವವರಿಗೆ ನೋವು ಹೆಚ್ಚುತ್ತದೆ. ಹೆಬ್ಬೆರಳು ಮೇಲಿಟ್ಟು, ಕೈಯನ್ನು ನೇರ ಪಕ್ಕಕ್ಕೆ ಎತ್ತದೆ ಸುಮಾರು 30 ಡಿಗ್ರಿ ಮುಂದಕ್ಕೆ ತಂದು ಎತ್ತಿದರೂ ಆ ಸ್ನಾಯು ಅಷ್ಟೇ ಕೆಲಸ ಮಾಡುತ್ತದೆ ಎಂಬುದು ಆಮೇಲಿನ ಅಧ್ಯಯನಗಳಿಂದ ಗೊತ್ತಾಗಿರುವುದರಿಂದ, ವ್ಯಾಯಾಮಕ್ಕೆ ಈಗ ಅದನ್ನೇ ಹೇಳಿಕೊಡುತ್ತಾರೆ. ಕೇಬಲ್ ಯಂತ್ರದ ಚಿತ್ರದಲ್ಲಿ ದಂಡವನ್ನು ಕುತ್ತಿಗೆಯ ಹಿಂದಕ್ಕೆ ಎಳೆದಿರುವುದೂ ನೋವಿನ ಭುಜಕ್ಕೆ ಹೊಂದುವ ಭಂಗಿಯಲ್ಲ. ದಂಡ ಎದೆಯ ಮುಂದೆ ಬರಬೇಕು.

ಹೆಗಲ ಮೂಳೆಯನ್ನು ನಿಭಾಯಿಸುವ ಸ್ನಾಯುಗಳನ್ನು ಲೇಖನ ಮರೆತೇಬಿಟ್ಟಿದೆ. ಇವಕ್ಕೆ ಸಾಧನವಾಗಿ ಗೋಡೆ ಸಾಕು. ಗೋಡೆಗೆ ಕೈ ಊರಿ ತಳ್ಳುವ ವ್ಯಾಯಾಮದ ಕೊನೆಯಲ್ಲಿ, ಮೊಣಕೈ ನೇರವಾದ ಮೇಲೂ ಇನ್ನೊಂದಿಷ್ಟು ತಳ್ಳಿ ಹೆಗಲ ಮೂಳೆಗಳನ್ನು ಮುಂದಕ್ಕೆ ಜಾರಿಸಿದರೆ ಪಕ್ಕೆಯ ಸೆರೇಟಸ್ ಸ್ನಾಯುವಿಗೆ ಕೆಲಸ ಸಿಗುತ್ತದೆ.

ದುಬಾರಿ ಸಾಧನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೈಯನ್ನು ತಾನಾಗಿ ಆಡಿಸುವ ಮೋಟಾರು ಯಂತ್ರಕ್ಕೂ, ಸ್ನಾಯುಬಲವನ್ನು ಕರಾರುವಾಕ್ಕಾಗಿ ಅಳೆಯುವ ಐಸೊಕೈನೆಟಿಕ್ ಯಂತ್ರಕ್ಕೂ ಆಸ್ಪತ್ರೆಯಲ್ಲಿ, ಕ್ರೀಡಾ ಕೇಂದ್ರದಲ್ಲಿ ಜಾಗವಿದೆ. ಮನೆಯಲ್ಲಿ ಅವುಗಳ ಅಗತ್ಯ ಕಾಣುವುದಿಲ್ಲ. ರೊಟೇಟರ್ ಕಫ್‌ನ ತೊಂದರೆಯಿದ್ದ 708 ಮಂದಿಯನ್ನು ಸೇರಿಸಿಕೊಂಡು ಬ್ರಿಟನ್‌ನಲ್ಲಿ ನಡೆದ, 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಗ್ರಾಸ್ಪ್ ಎಂಬ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಫಿಸಿಯೋಥೆರಪಿಸ್ಟ್‌ರ ಬಳಿ ಆರು ಭೇಟಿಗಳವರೆಗೆ ಹೋಗಿ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿಕೊಂಡವರಿಗೂ, ಒಂದೇ ಭೇಟಿಯಲ್ಲಿ ಸರಿಯಾದ ಸಲಹೆ ಮತ್ತು ಮನೆಯಲ್ಲಿ ಮಾಡುವ ಸರಳ ವ್ಯಾಯಾಮ ಕಲಿತು ಹೋದವರಿಗೂ ಒಂದು ವರ್ಷದ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ವೃತ್ತಿಯವರಿಗೆ ಇದು ಅಷ್ಟೇನೂ ರುಚಿಸುವ ಫಲಿತಾಂಶವಲ್ಲ ಎಂಬುದನ್ನು ಬಲ್ಲೆ. ಆದರೂ ಚೆನ್ನಾಗಿ ಕಲಿಸಿದ ಒಂದು ಭೇಟಿಯೇ ಇಷ್ಟು ಕೆಲಸ ಮಾಡುವುದಾದರೆ, ಯಾರ ಸಲಹೆಯೂ ಇಲ್ಲದೆ ಕೊಂಡ ದುಬಾರಿ ಯಂತ್ರದ ಮೇಲೆ ಹಣ ಸುರಿಯುವುದಕ್ಕಿಂತ ಆ ಒಂದು ಭೇಟಿಗೆ ಹೋಗುವುದು ಮೇಲು ಎಂದು ನನಗೆ ಅನಿಸುತ್ತದೆ. ಹರಿದ ಸ್ನಾಯುವನ್ನು ಹೊಲಿಸಿಕೊಂಡವರಿಗೆ ಈ ಮಾತು ಅನ್ವಯಿಸದು. ಅವರಿಗೆ ನಿರಂತರ ನಿಗಾ ಬೇಕು.

ಎಷ್ಟು ನೋವು ಸಹಿಸಬಹುದು ಎಂದು ಎಲ್ಲರೂ ಕೇಳುತ್ತಾರೆ. ಶಸ್ತ್ರಚಿಕಿತ್ಸೆಯಾಗದ ಸಾಮಾನ್ಯ ಭುಜನೋವಿನಲ್ಲಿ, ವ್ಯಾಯಾಮದ ವೇಳೆ ತುಸು ನೋವು ಕಂಡು ಮರುದಿನ ಬೆಳಗ್ಗೆಯ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅಷ್ಟೇ ಭಾರ ಮುಂದುವರಿಸಬಹುದು. ಮರುದಿನವೂ ಹೆಚ್ಚೇ ಇದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ, ಬ್ಯಾಂಡನ್ನು ಕಡಿಮೆ ಎಳೆಯಬೇಕು ಇಲ್ಲವೇ ಸರದಿ ಕಡಿಮೆ ಮಾಡಬೇಕು; ಪೂರ್ತಿ ನಿಲ್ಲಿಸುವ ಅಗತ್ಯ ಅಪರೂಪ.

ಬ್ಯಾಂಡುಗಳ ಸುರಕ್ಷತೆಯ ಬಗ್ಗೆ ಲೇಖನದಲ್ಲಿ ಒಂದು ಸಾಲಾದರೂ ಇರಬೇಕಿತ್ತು. ಬಿಸಿಲಿಗೆ, ಬೆವರಿಗೆ ರಬ್ಬರ್ ಸೊರಗುತ್ತದೆ. ಅಂಚಿನಲ್ಲಿ ಕಂಡೂ ಕಾಣದಂಥ ಸಣ್ಣ ಸೀಳು ಬಿದ್ದ ಬ್ಯಾಂಡು ಎಳೆತದ ನಡುವೆ ತುಂಡಾಗಿ ಮುಖಕ್ಕೆ ಬಡಿದರೆ ಕಣ್ಣಿಗೇ ಪೆಟ್ಟಾದೀತು. ಬಳಸುವ ಮೊದಲು ಬೆಳಕಿಗೆ ಹಿಡಿದು ಎಳೆದು ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ. ಬಾಗಿಲಿಗೆ ಕಟ್ಟುವವರು ಬಾಗಿಲು ತಮ್ಮ ಕಡೆಗೆ ತೆರೆಯದಂತೆ ಇರುವ ಪಕ್ಕದಲ್ಲಿ ನಿಂತು, ಚಿಲಕ ಹಾಕಿಕೊಳ್ಳಬೇಕು. ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ಲ್ಯಾಟೆಕ್ಸ್ ಇಲ್ಲದ ಬ್ಯಾಂಡುಗಳೂ ಸಿಗುತ್ತವೆ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ಪ್ರತಿ ಸಾಧನದ ಕೆಳಗೂ ಅದು ಯಾವ ಹಂತದವರಿಗೆ, ಯಾವ ಚಲನೆಗೆ, ಎಷ್ಟು ಭಾರದಿಂದ ಆರಂಭಿಸಬೇಕು ಎಂಬುದನ್ನು ಬರೆಯಬೇಕೆಂದೂ, ಯಾವ ಸಾಧನವನ್ನೂ ಕೊಳ್ಳದೆ ಮೊದಲು ವೈದ್ಯರ ಬಳಿ ಹೋಗಬೇಕಾದವರು ಯಾರೆಂಬುದನ್ನು ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡಬೇಕೆಂದೂ ಕೋರುತ್ತೇನೆ: ಬಿದ್ದ ಮೇಲೆ ಕೈ ಎತ್ತಲು ಆಗದವರು, ಭುಜದ ಆಕಾರವೇ ಬದಲಾದವರು, ಜ್ವರದ ಜೊತೆಗೆ ಕೀಲು ಊದಿ ಬಿಸಿಯಾಗಿರುವವರು, ಕುತ್ತಿಗೆಯಿಂದ ಬೆರಳುಗಳವರೆಗೆ ಜೋಮು ಹಿಡಿಯುವವರು, ಹಿಂದೆ ಕ್ಯಾನ್ಸರ್ ಇದ್ದು ಈಗ ರಾತ್ರಿ ಬಿಡದ ಭುಜನೋವು ಕಾಣಿಸಿಕೊಂಡವರು. ಕೈ ಆಡಿಸಿದರೂ ಆಡಿಸದಿದ್ದರೂ ಒಂದೇ ತೆರನಾಗಿದ್ದು, ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಹೆಚ್ಚುವ, ಬೆವರು ಅಥವಾ ಉಸಿರಾಟದ ತೊಂದರೆಯೊಂದಿಗೆ ಬರುವ ಭುಜನೋವು ಹೃದಯದ್ದಾಗಿರಬಹುದು. ಅಂಥವರು ತಡಮಾಡದೆ ತುರ್ತು ಚಿಕಿತ್ಸೆ ಸಿಗುವ ಕಡೆಗೆ ಹೋಗಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್